ಎಡಗೈ ಮುನ್ಶಿಯ ಚಾಕು: ಕಂತು ಏಳು

"ಕಣ್ಣು ಮುಚ್ಚರಿ ಮೇಡಂ," ಅಂದರು ಡಾಕ್ಟರ್ ಸತೀಶಕುಮಾರ.

ಕರುಣಾ ಮುಚ್ಚಲಿಲ್ಲ.

ಭಾಲ್ಕಿಯ ಈ ಹಳೆಯ ಮನೆಯ ಮುಂದಿನ ಕೋಣೆ ಒಂದು ಕಾಲಕ್ಕೆ ಹಲ್ಲಿನ ದವಾಖಾನೆಯಾಗಿತ್ತು. ಡಾಕ್ಟರು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಹಲ್ಲು ಕೀಳುವ ಕುರ್ಚಿ ಮಾತ್ರ ಹಾಗೇ ಉಳಿದಿತ್ತು. ಕೋಣೆಯಲ್ಲಿದ್ದ ಇನ್ನೊಂದೇ ಕುರ್ಚಿಯಲ್ಲಿ ತಾವು ಕೂತು, ಸಬ್ ಇನ್ಸ್‌ಪೆಕ್ಟರ್ ಕರುಣಾಳನ್ನು ಆ ಒರಗು ಕುರ್ಚಿಯಲ್ಲಿ ಕೂಡಿಸಿದ್ದರು. ಬೆನ್ನು ಹಿಂದಕ್ಕೆ ಜಾರುತ್ತಿತ್ತು. ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅವಳ ಎದೆಯ ಮಟ್ಟಕ್ಕೆ, ಹಿಂದೆ ಇಕ್ಕಳ ಸೂಜಿ ಇಡುತ್ತಿದ್ದ ತಟ್ಟೆಯಲ್ಲಿ, ಈಗ ಹಳೆಯ ಕಿಸೆಚಾಕುಗಳು ಸಾಲಾಗಿ ಬಾಯಿ ಬಿಚ್ಚಿ ಮಲಗಿದ್ದವು. ಒಂದೊಂದರ ತುದಿಯೂ ಅವಳ ಕಡೆಗೇ ಇತ್ತು.

"ಕಣ್ಣು ತಗದ್ರೂ ಕಿವಿಗಿ ಕೇಳ್ತದಲ್ರಿ," ಅಂದಳು. ದನಿ ಗಟ್ಟಿಯಾಗಿಯೇ ಬಂತು. ಅಷ್ಟಕ್ಕೇ ಅವಳಿಗೆ ತುಸು ಧೈರ್ಯವಾಯಿತು.

"ಕೇಳ್ತದ. ಗುರ್ತು ಸಿಗಂಗಿಲ್ಲ. ಕಣ್ಣು ತಗದಿದ್ರ ಮನಷ್ಯಾ ನೋಡಕೋತ ಕೂಡ್ತಾನ. ಕುಬರಾ ಏನು ಕೇಳ್ಯಾಳ ಅಂಬೋದು ನಿಮಗ ತಿಳೀಬೇಕಲ್ಲ?"

ತಿಳಿಯಬೇಕಿತ್ತು. ಅದಕ್ಕೇ ಅವಳು ಇಲ್ಲಿಗೆ ಬಂದಿದ್ದು.

ಬೀದರಿನ ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯ ತೊಗರಿ ವ್ಯಾಪಾರಿ ಹಾವಗೆಪ್ಪ, ಜೀವಮಾನವಿಡೀ ಹಳೆಯ ಕಿಸೆಚಾಕು ಕೂಡಿಸಿದವನು, ಗುರುವಾರ ತನ್ನ ಅಂಗಡಿಯ ಮಾಳಿಗೆಯಲ್ಲಿ ಕುತ್ತಿಗೆಗೆ ತಿವಿಸಿಕೊಂಡು ಸತ್ತುಬಿದ್ದಿದ್ದ. ಅವನೆದುರು ಚಾಕುಗಳ ಮಖಮಲ್ಲಿನ ಪಟ್ಟಿ ಬಿಚ್ಚಿಕೊಂಡಿತ್ತು. ಅದರಲ್ಲಿ ಒಂದು ಗೂಡು ಖಾಲಿ. ಅವನ ಒಬ್ಬಳೇ ಮಗಳು ಸಪ್ನಾ ಅಂದಿನಿಂದಲೇ ಕಾಣೆ.

ಅಂಗಡಿಗೆ ಗೋಡೆ ಹಚ್ಚಿದ ಮನೆಯಲ್ಲಿ ಬಟ್ಟೆ ಹೊಲಿಯುವ ಕುಬರಾ ಹೇಳಿದ್ದು ಇಷ್ಟು: "ಸೂಜ್ಯಾಗ ದಾರ ಪೋಣಿಸ್ಲಿಕ್ಕ ಮಶೀನ್ ನಿಂದ್ರಿಸಿದ್ನಿರಿ. ಗೋಡಿ ಆಚಿ ಕಡಿಂದ ಟಕ್, ಟಕ್, ಟಕ್ ಅಂತು. ಒಣಕಟಗಿ ಮುರದಂಗ. ಆಮ್ಯಾಲ ಏನೂ ಸಪ್ಪಳಿಲ್ಲ. ಆ ಸಪ್ಪಳ ಇಲ್ಲದ್ದೇ ಭಾಳ ಹೆದರಿಕಿ ಆಯ್ತು ನೋಡ್ರಿ."

ಸತ್ತವನ ಚಾಕುಗಳನ್ನು ಅವನಷ್ಟೇ ಬಲ್ಲವರು ಜಿಲ್ಲೆಯಲ್ಲಿ ಒಬ್ಬರೇ, ಮೂವತ್ತು ವರ್ಷದ ಗೆಳೆಯ ಭಾಲ್ಕಿಯ ಈ ಡಾಕ್ಟರು ಎಂದು ಗಂಜಿನವರೆಲ್ಲ ಹೇಳಿದ್ದರು. ಆದರೆ ಕರುಣಾ ಒಳಗೆ ಬಂದ ಕೂಡಲೇ ಡಾಕ್ಟರು ಬಾಗಿಲಿಗೆ ಚಿಲಕ ಹಾಕಿದ್ದರು. "ಧೂಳ ಬರ್ತದರಿ," ಅಂದಿದ್ದರು. ಅದಾದ ಮೇಲೆ, ಚಹಾ ಕೇಳುವ ದನಿಯಲ್ಲೇ, "ಒಬ್ಬರೇ ಬಂದೀರೇನು?" ಎಂದೂ ಕೇಳಿದ್ದರು.

"ಜೀಪು ಹೊರಗೇ ಅದ," ಅಂದಿದ್ದಳು ಅವಳು. ಅದು ಸುಳ್ಳು. ಟೈರು ಪಂಕ್ಚರಾಗಿ ಹೆಡ್ ಕಾನ್‌ಸ್ಟೇಬಲ್ ಖಾಜಾ ಮಿಯಾ ಜೀಪನ್ನು ಸ್ಟೇಷನ್ ರೋಡಿಗೆ ಒಯ್ದಿದ್ದ.

ಅಷ್ಟರಲ್ಲಿ ಕರೆಂಟು ಹೋಯಿತು. ತಲೆಯ ಮೇಲಿನ ಪಂಖಾ ಗರಗರ ಎನ್ನುತ್ತಾ ನಿಧಾನವಾಗಿ ನಿಂತಿತು. ಹೊರಗೆ ಮಧ್ಯಾಹ್ನದ ಬಿಸಿಲಿಗೆ ಓಣಿ ಹೆಣದಂತೆ ಬಿದ್ದಿತ್ತು. ಒಂದು ಸೈಕಲ್ ಹೋದ ಸದ್ದೂ ಇಲ್ಲ.

ಕರುಣಾ ಕಣ್ಣು ಮುಚ್ಚಿದಳು.

ತಟ್ಟೆಯಿಂದ ಒಂದನ್ನು ಎತ್ತಿ ಮಡಚಿದ ಸದ್ದಾಯಿತು. "ಇದು ಕೋಣದ ಕೋಡಿನ ಹಿಡಿ," ಡಾಕ್ಟರ ದನಿ ಬಂತು. "ಉದಗೀರ ಕಡೀದು. ಕೇಳ್ರಿ."

ಟಿಕ್. ಮೆತ್ತಗೆ, ನಾಲಗೆ ಲೊಚಗುಟ್ಟಿದ ಹಾಗೆ.

"ಕಮಾನು, ಅಂದ್ರ ಒಳಗಿನ ಸ್ಪ್ರಿಂಗು, ಭಾಳ ಸಣ್ಣಗ ಅರದಾನ ಇದರಾಗ. ಮಾಡಿದಾಂವ ಯಾರೋ ಏನೋ. ನೂರು ವರ್ಷ ಆದ್ರೂ ಕೀಲು ಒಂದು ಕೂದಲದಷ್ಟೂ ಸಡಲಿಲ್ಲ. ಇದು ಇನ್ನೊಂದು. ಹಿತ್ತಾಳಿ ಪಟ್ಟಿ, ಬೆಳ್ಳಿ ಎಳಿ ಕೂಡಿಸಿದ ಬಿದ್ರಿ ಹಿಡಿ."

ಟಕ್. ತುಸು ಭಾರದ ಸದ್ದು, ಪೆಟ್ಟಿಗೆಯ ಮುಚ್ಚಳ ಬಿದ್ದಂತೆ.

"ಹಿಡಿಗಿ ಸತುವು ಎರದಾರ, ಅದಕ್ಕ ದನಿ ತಳದಿಂದ ಬರ್ತದ. ಹಿಡಿ ಯಾವದು, ಉಕ್ಕು ಎಷ್ಟು ಕಾಸ್ಯಾರ, ಕಮಾನಿಗಿ ಎಷ್ಟು ಬಿಗಿ ಕೊಟ್ಟಾರ, ಎಲ್ಲಾ ಈ ಸಪ್ಪಳದಾಗೇ ಇರ್ತದ. ಮಂದಿ ಚಾಕು ಅಂದ್ರ ಅಲಗು ನೋಡ್ತಾರ. ನಾನೂ ಹಾವಗೆಪ್ಪನೂ ಕಿವಿ ಹಚ್ಚತಿದ್ವಿ."

ದನಿಯಲ್ಲಿ ಪ್ರೀತಿ ಇತ್ತು. ಕೂಸಿನ ಬಗ್ಗೆ ಮಾತಾಡುವ ಪ್ರೀತಿ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

ಮುಂದಿನ ಸದ್ದಿಗಾಗಿ ಕಾದಳು. ಬರಲಿಲ್ಲ. ಬಟ್ಟೆ ಸರಿದಾಡಿದ ಸಪ್ಪಳ. ಡಾಕ್ಟರ ಕುರ್ಚಿ ಕಿರ್ರೆಂದಿತು. ಅವರು ಎದ್ದಿದ್ದರು.

ಟಕ್.

ಕಿವಿಯ ಹತ್ತಿರವೇ.

ಟಕ್.

ಟಕ್.

ಕರುಣಾ ಕಣ್ಣು ತೆರೆದಳು. ಅವಳ ಕುತ್ತಿಗೆಯಿಂದ ಗೇಣು ದೂರದಲ್ಲಿ, ಬಾಳೆ ಎಲೆಯ ತುದಿಯಂತೆ ಸಪೂರವಾದ ಉದ್ದನೆಯ ಅಲಗು ನಿಂತಿತ್ತು. ಅದರ ಹಿಂದೆ ಡಾಕ್ಟರ ಮುಖ. ಕನ್ನಡಕದ ಹಿಂದಿನ ಕಣ್ಣು ಒದ್ದೆಯಾಗಿತ್ತು.

ಪೊಲೀಸ್ ತರಬೇತಿಯಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಮೈ ಮಾತ್ರ ಕಲ್ಲಾಗಿ ಕುರ್ಚಿಗೆ ಅಂಟಿಕೊಂಡಿತು.

"ಹಾವಗೆಪ್ಪ ಕೊನೀಗಿ ಕೇಳಿದ್ದು ಇದೇ ಸಪ್ಪಳ," ಅಂದರು ಡಾಕ್ಟರು. "ನೀವೂ ಕೇಳಬೇಕು. ಕೇಳದೇ ಹ್ಯಾಂಗ ಹುಡುಕ್ತೀರಿ ಅಂವನ್ನ?"

ಅಲಗು ಹಿಂದಕ್ಕೆ ಸರಿಯಿತು. ಡಾಕ್ಟರು ತಮ್ಮ ಕುರ್ಚಿಗೆ ಹೋಗಿ ಕೂತರು. ಕರುಣಾ ಉಸಿರು ಬಿಟ್ಟಳು.

"ಇನ್ನೊಮ್ಮಿ ಹಿಂಗ ಮಾಡಬ್ಯಾಡ್ರಿ," ಅಂದಳು. ಈ ಸಲ ದನಿ ನಡುಗಿತು.

"ತಪ್ಪಾಯ್ತು." ಅವರು ಚಾಕುವಿನ ಕೀಲನ್ನು ಅವಳಿಗೆ ತೋರಿಸಿದರು. "ಇಲ್ಲಿ ನೋಡ್ರಿ, ಒಳಗ ಮೂರು ಹಲ್ಲು ಅವ. ಅಲಗು ಏಳುವಾಗ ಒಂದೊಂದು ಹಲ್ಲಿಗಿ ಕಮಾನು ಬಡೀತದ. ಹಿಂದಕ ಬಂಡಿ ಹೊಡಕೊಂಡು ರಾತ್ರಿ ಹಾದಿ ಹಿಡಿಯೋರು ಇಟಗೋತಿದ್ರಂತ. ಚಾಕು ಬಿಚ್ಚಿದ್ದು ಎದುರಿನಾಂವಗ ಮೊದಲ ಕೇಳಬೇಕು, ಕೇಳಿ ಓಡಿ ಹೋಗಬೇಕು, ರಕ್ತ ಹರೀಬಾರದು ಅಂತ ಮಾಡಿದ್ದು. ಇಂಥವು ಎರಡೇ ಅವ ನಮ್ಮ ಕಡಿ. ಒಂದು ಇದು. ಇನ್ನೊಂದು ಹಾವಗೆಪ್ಪನ ಪಟ್ಟ್ಯಾಗ ಇರಬೇಕು."

ಇತ್ತು. ಕರುಣಾಳಿಗೆ ನೆನಪಾಯಿತು, ಪಟ್ಟಿಯ ಕೊನೆಯ ಗೂಡಿನಲ್ಲಿದ್ದ ಉದ್ದನೆಯ ಚಾಕು. ಇಡೀ ಠಾಣೆ ಕಾಣೆಯಾದ ಚಾಕುವೇ ಕೊಂದ ಚಾಕು ಎಂದು ಹುಡುಕುತ್ತಿತ್ತು. ಕೊಂದದ್ದು ಅಲ್ಲೇ, ಎಲ್ಲರ ಕಣ್ಣೆದುರಿಗೇ, ಮಡಚಿಕೊಂಡು ಮಲಗಿತ್ತೆ?

"ಹಂಗಾದ್ರ ಖಾಲಿ ಗೂಡಿನ್ಯಾಗ ಇದ್ದದ್ದು ಯಾವದರಿ?"

ಡಾಕ್ಟರು ಮೇಜಿನ ಖಾನೆ ಎಳೆದು, ಬಿಳಿ ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದರು. ಬೆರಳುದ್ದದ ಪುಟ್ಟ ಚಾಕು. ದಂತದ ಹಿಡಿ ಕಾಲದಿಂದ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಹಿಡಿಯ ಅಂಚಿನಲ್ಲಿ ಕೂದಲೆಳೆಯಂಥ ಬಳ್ಳಿ ಕೊರೆದಿದ್ದರು. ಒಂದೊಂದು ಎಲೆಗೂ ನರ ಇದ್ದವು.

"ಇದರ ಜೋಡಿ," ಅಂದರು. "ನಿಜಾಮರ ಕಾಲದಾಗ ಇಲ್ಲಿ ಕಚೇರ್ಯಾಗ ಇಬ್ಬರು ಅಣ್ಣತಮ್ಮ ಮುನ್ಶಿ ಇದ್ರಂತ. ಜೊಂಡಿನ ಕಡ್ಡಿ ಕೆತ್ತಿ ಕಲಮು ಮಾಡ್ಲಿಕ್ಕ ಒಬ್ಬ ಉಸ್ತಾದ್ ಇಬ್ಬರಿಗೂ ಒಂದೊಂದು ಮಾಡಿಕೊಟ್ಟ. ಅಲಗಿನ ಮ್ಯಾಲ ಈ ಗೆರಿ ಕಾಣ್ತದಲ್ರಿ, ಉಗರು ಸಿಗಿಸಿ ಬಿಚ್ಚೋ ಕಚ್ಚು? ಎಲ್ಲಾ ಚಾಕಿಗೂ ಇದು ಬಲಗೈಯವರಿಗಿ ಸರಿಯಾಗಿ ಇರ್ತದ. ಆದ್ರ ತಮ್ಮ ಎಡಗೈಲೇ ಬರೀತಿದ್ದ. ಕಚೇರಿ ಮಂದಿ ಎಲ್ಲಾ ನಗತಿದ್ರು ಅಂವಗ. ಉಸ್ತಾದ್ ನಗಲಿಲ್ಲ. ಅಂವಗಾಗಿ ಕಚ್ಚು ಆ ಕಡಿ ಹಾಕಿ, ಬಳ್ಳಿನೂ ತಿರುವಿ ಕೊರದು, ಕನ್ನಡ್ಯಾಗ ಕಂಡಂಗ ಇನ್ನೊಂದು ಚಾಕು ಮಾಡಿದ. ಅದು ಹಾವಗೆಪ್ಪನ ಹಂತ್ಯಾಕ ಇತ್ತು."

ಹೇಳುತ್ತಲೇ ಅವರು ಆ ಚಾಕು ಬಿಚ್ಚಲು ಹೋದರು. ಉಗುರು ಸರಿಯಾಗಿ ಕೂಡಲಿಲ್ಲ. ಚಾಕುವನ್ನು ಕೈ ತಿರುವಿ ಹಿಡಿದು, ತೊಡಕಾಗಿ, ಕಷ್ಟಪಟ್ಟು ತೆರೆದರು.

ಕರುಣಾ ಅವರ ಕೈಯನ್ನೇ ನೋಡುತ್ತಿದ್ದಳು. ಕುತ್ತಿಗೆಯ ಹತ್ತಿರ ಮೂರು ಹಲ್ಲಿನ ಚಾಕು ಹಿಡಿದದ್ದೂ ಎಡಗೈ, ಈಗ ಕಚ್ಚು ಹುಡುಕಿದ್ದೂ ಎಡಗೈ ಉಗುರೇ.

ಅವಳು ಕುರ್ಚಿಯಲ್ಲಿ ಮುಂದೆ ಸರಿದು, ಎರಡೂ ಕಾಲನ್ನು ನೆಲಕ್ಕೆ ಊರಿದಳು.

"ಡಾಕ್ಟ್ರ, ನೀವು ಎಡಗೈಯವರು."

"ಹೌದರಿ."

"ನಿಮ್ಮ ಹಂತ್ಯಾಕ ಬಲಗೈ ಚಾಕು. ಅವರ ಹಂತ್ಯಾಕ ಎಡಗೈದು. ಇಷ್ಟು ವರ್ಷ ನೀವು ಅದನ್ನ ಕೇಳಲಿಲ್ಲೇನು?"

"ಪ್ರತಿ ವರ್ಷ ಕೇಳೀನಿ. ಕೊಡಲಿಲ್ಲ ಅಂವ. 'ನೀ ಬಲಗೈದು ಕೊಡು, ಜೋಡಿ ನನ್ನ ಹಂತ್ಯಾಕೇ ಇರ್ಲಿ' ಅಂತಿದ್ದ. ನಾನೂ ಕೊಡಲಿಲ್ಲ."

"ಗುರುವಾರ ಎಲ್ಲಿದ್ರಿ?"

"ಇಲ್ಲೇ."

"ನೋಡಿದೋರು?"

ಡಾಕ್ಟರ ಕಣ್ಣು ಒಂದು ಕ್ಷಣ ಒಳಮನೆಯ ಬಾಗಿಲ ಕಡೆಗೆ ಹೋಗಿ ಮರಳಿತು. ಅಷ್ಟೇ. ಆದರೆ ಕರುಣಾ ಅದನ್ನು ಕಂಡಳು.

"ಮನ್ಯಾಗ ಯಾರದಾರ, ಡಾಕ್ಟ್ರ?"

"ಯಾರೂ ಇಲ್ಲರಿ. ನಾ ಒಬ್ಬನೇ."

ಆಗ ಒಳಗಿನಿಂದ ಆ ಸದ್ದು ಬಂತು. ಸಣ್ಣದು. ಉಗುರು ಕಡಿದಷ್ಟು ಸಣ್ಣದು. ಕರೆಂಟಿದ್ದು ಪಂಖಾ ತಿರುಗುತ್ತಿದ್ದರೆ ಕೇಳುತ್ತಲೇ ಇರಲಿಲ್ಲ.

ಟಿಕ್.

"ಬೆಕ್ಕು ಇರಬೇಕು," ಅಂದರು ಡಾಕ್ಟರು.

"ಬೆಕ್ಕು ಚಾಕು ಬಿಚ್ಚಂಗಿಲ್ಲರಿ."

ಅವಳು ಎದ್ದು ನಿಂತಳು. ಮಫ್ತಿಯಲ್ಲಿ ಬಂದಿದ್ದಳು, ಸೊಂಟದಲ್ಲಿ ಪಿಸ್ತೂಲು ಇರಲಿಲ್ಲ. ತಟ್ಟೆಯೊಳಗಿನ ಒಂದು ಚಾಕುವನ್ನಾದರೂ ಎತ್ತಿಕೊಳ್ಳಬೇಕೆಂದು ಕೈ ಚಾಚಿದಳು. ಅದನ್ನು ಹಿಡಿದು ಏನು ಮಾಡಬೇಕೆಂದು ತನಗೇ ಗೊತ್ತಿಲ್ಲವೆಂದು ಹೊಳೆದು ಕೈ ಹಿಂದೆ ತೆಗೆದುಕೊಂಡಳು. ಖಾಜಾ ಮಿಯಾಗೆ ಫೋನ್ ಮಾಡಬಹುದಿತ್ತು. ಆದರೆ ಅವನು ಬರುವ ತನಕ ಈ ಚಿಲಕ ಹಾಕಿದ ಕೋಣೆಯಲ್ಲಿ, ಇಷ್ಟು ಚಾಕುಗಳ ನಡುವೆ, ಕಾಯುತ್ತ ನಿಲ್ಲಬೇಕು. ಅದು ಅವಳಿಂದ ಆಗುವ ಮಾತಲ್ಲ.

"ಹೋಗಬ್ಯಾಡ್ರಿ," ಅಂದರು ಡಾಕ್ಟರು. ಬೇಡಿಕೊಳ್ಳುವಂತಿತ್ತು. "ಮೇಡಂ, ಕೈ ಮುಗೀತೇನಿ, ಹೋಗಬ್ಯಾಡ್ರಿ."

ಒಳಬಾಗಿಲವರೆಗೆ ನಡೆಯುವಾಗ ಅವಳ ಬೆನ್ನು ಪೂರಾ ಡಾಕ್ಟರ ಕಡೆಗಿತ್ತು. ಬೆನ್ನಿನ ಒಂದೊಂದು ಎಲುಬೂ ಮೂರು ಹಲ್ಲಿನ ಆ ಸದ್ದಿಗಾಗಿ ಕಾಯುತ್ತಿತ್ತು. ಬಾಗಿಲ ಪರದೆಯನ್ನು ಸರಿಸಿದಳು.

ಅಡುಗೆಮನೆ. ಕಿಟಕಿಗೆ ಗೋಣಿತಟ್ಟು ಕಟ್ಟಿ ಬೆಳಕು ಮುಚ್ಚಿದ್ದರು. ಜೋಳದ ಡಬ್ಬಿಯ ಹಿಂದೆ, ಮೂಲೆಯಲ್ಲಿ, ಯಾರೋ ಗೋಡೆಯೊಳಗೇ ಹೊಕ್ಕುಬಿಡುವ ಹಾಗೆ ಒತ್ತಿಕೊಂಡು ಕೂತಿದ್ದರು. ಮುಂದೆ ಚಾಚಿದ ಎರಡು ಕೈ. ಆ ಕೈಗಳ ನಡುವೆ ಪುಟ್ಟ ಅಲಗು, ಗಡಗಡ ನಡುಗುತ್ತ.

"ಹತ್ರ ಬಂದ್ರ ಚುಚ್ಚತೇನಿ," ಅಂತು ಒಂದು ಹೆಣ್ಣು ದನಿ. "ಖರೇ ಚುಚ್ಚತೇನಿ."

ಠಾಣೆಯ ಗೋಡೆಗೆ ಅಂಟಿಸಿದ ಫೋಟೋದಲ್ಲಿ ಕರುಣಾ ಆ ಮುಖವನ್ನು ದಿನಾ ನೋಡುತ್ತಿದ್ದಳು. ಫೋಟೋದಲ್ಲಿ ನಗುತ್ತಿತ್ತು.

"ಸಪ್ನಾ," ಅಂದಳು ಮೆಲ್ಲಗೆ. "ನಾ ಪೊಲೀಸ್. ಬೀದರದಿಂದ ಬಂದೀನಿ. ನಿನಗ ಏನೂ ಮಾಡಂಗಿಲ್ಲ."

"ಕಾಕಾ!" ಹುಡುಗಿ ಡಾಕ್ಟರನ್ನು ಕೂಗಿದಳು.

"ನಾ ಕರದಿಲ್ಲವ್ವ, ತಾವೇ ಬಂದಾರ," ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಹೇಳಿದರು. ಅವರ ಕೈ ಖಾಲಿ ಇತ್ತು. "ಇನ್ನ ಹೇಳಿಬಿಡು. ಎಷ್ಟು ದಿನ ಮುಚ್ಚಿಡಲಿ ನಿನ್ನ?"

ಸಪ್ನಾ ಹೇಳಿದ್ದು ತುಂಡು ತುಂಡಾಗಿ. ನಡುನಡುವೆ ಅಳು. ಕರುಣಾ ಅವಳ ಪಕ್ಕ ನೆಲದ ಮೇಲೇ ಕೂತಳು.

ಗುರುವಾರ ಮಧ್ಯಾಹ್ನ ಅಪ್ಪ ಅವಳನ್ನು ಮಾಳಿಗೆಗೆ ಕರೆದು, ಎಡಗೈ ಚಾಕುವನ್ನು ಅವಳ ಪರ್ಸಿನಲ್ಲಿ ಇಟ್ಟಿದ್ದ. "ಭಾಲ್ಕಿ ಕಾಕಾಗ ಕೊಟ್ಟು ಬಾ. ಜೋಡಿ ಅಂವನ ಹಂತ್ಯಾಕೇ ಕೂಡ್ಲಿ. ನಾ ಫೋನ್ ಮಾಡೋ ತನಕ ತಿರುಗಿ ಬರಬ್ಯಾಡ," ಅಂದಿದ್ದ. ಏಕೆ ಅಂದರೆ ಹೇಳಲಿಲ್ಲ. ಇಪ್ಪತ್ತು ವರ್ಷ ಕೊಡದೆ ಹಟ ಹಿಡಿದವನು ಒಂದೇ ದಿನದಲ್ಲಿ ಕೊಟ್ಟುಕಳಿಸಿದ್ದ.

"ಕೆಳಗ ಇಳಿಯುವಾಗ ಮೆಟ್ಟಿಲ ಮ್ಯಾಲ ಅಂವ ಸಿಕ್ಕ," ಅಂದಳು ಸಪ್ನಾ. "ನನಗ ಹಾದಿ ಬಿಟ್ಟು ಗೋಡಿಗಿ ಸರದು ನಿಂತ. ನಕ್ಕ. 'ಎಲ್ಲಿಗಿ ಹೊಂಟಿ ತಂಗಿ?' ಅಂದ. ಭಾಲ್ಕಿಗಿ ಅಂದ್ನಿ. ನಾನೇ ಹೇಳಿದ್ನಿರಿ. ಬಾಯಿ ಸುಮ್ಮನಿರಲಿಲ್ಲ ನಂದು."

"ಯಾರು ಅಂವ?"

ಸಪ್ನಾ ಡಾಕ್ಟರ ಮುಖ ನೋಡಿದಳು.

"ವೈಜಿನಾಥ," ಅಂದರು ಡಾಕ್ಟರು. "ಔರಾದದಾಂವ. ಹಳೀ ಸಾಮಾನಿನ ದಲ್ಲಾಳಿ."

ಕರುಣಾ ಅವನನ್ನು ಬಲ್ಲಳು. ಗಡಿಯ ಊರೂರು ತಿರುಗಿ, ಹಳೆಯ ತಾಮ್ರ ಹಿತ್ತಾಳೆ ಪಡೆದು ಹೊಸ ಸ್ಟೀಲು ಪಾತ್ರೆ ಕೊಡುವವನು. ಔರಾದದಲ್ಲಿ ಅವನ ಗೋದಾಮಿಗೆ ಅವಳೇ ಹೋಗಿ ವಿಚಾರಿಸಿದ್ದಳು. ಹಾವಗೆಪ್ಪನ ಹೆಸರು ಕೇಳಿ ಅತ್ತು, ನಡುವೆ ಅವಳ ಊರು ಮನೆತನವನ್ನೂ ವಿಚಾರಿಸಿದ್ದ ಪುಣ್ಯಾತ್ಮ.

"ಅಂವಗೂ ಈ ಚಾಕಿಗೂ ಏನು ಸಂಬಂಧರಿ?"

ಡಾಕ್ಟರು ಬಾಗಿಲ ಚೌಕಟ್ಟಿಗೆ ಒರಗಿದರು. ಒಮ್ಮೆಲೇ ಮುದುಕರಾದಂತೆ ಕಂಡರು.

"ಜೋಡಿ ಸಿಕ್ಕಿದ್ದೇ ಅಂವಗ. ಯಾವದೋ ಬಿದ್ದ ವಾಡೆದಾಗ. ಅಂವಗ ಗುರ್ತು ಹತ್ತಲಿಲ್ಲ, ಒಂದು ಹಾವಗೆಪ್ಪಗ ಮಾರಿದ, ಒಂದು ನನಗ. ಆಮ್ಯಾಲ ನಾವಿಬ್ಬರೂ ಕೂತಲ್ಲೆಲ್ಲಾ ಅದನ್ನ ಹೇಳಿ ನಗತಿದ್ವಿ. ಮದವ್ಯಾಗ, ಮುಂಜ್ಯಾಗ, ಗಂಜಿನ ಕಟ್ಟಿ ಮ್ಯಾಲ. ವೈಜಿನಾಥ ಚಹಾ ಕುಡಕೋತ ಅಲ್ಲೇ ಕೂತಿರ್ತಿದ್ದ, ಅಂವನೂ ನಗತಿದ್ದ. ಇಪ್ಪತ್ತು ವರ್ಷ ನಕ್ಕ ನಮ್ಮ ಜೋಡಿ. ಹ್ವಾದ ತಿಂಗಳ ಬಂದು 'ಎರಡೂ ತಿರುಗಿ ಕೊಡ್ರಿ' ಅಂದ. ನಗಲಿಲ್ಲ. ಆವತ್ತು ನಾನೂ ಹೆದರಿದ್ನಿ."

"ಪೊಲೀಸರಿಗಿ ಯಾಕ ಹೇಳಲಿಲ್ಲ?"

"ಗುರುವಾರ ಸಂಜಿಗಿ ಫೋನ್ ಬಂತ್ರಿ," ಸಪ್ನಾ ಅಂದಳು. "'ಅಪ್ಪನ ಮಣ್ಣಿಗಿ ಬಾ ತಂಗಿ, ನಾ ಹಾದಿ ಕಾಯ್ತೇನಿ' ಅಂದ. ಅಪ್ಪ ಸತ್ತದ್ದು ನನಗ ಗೊತ್ತಾಗಿದ್ದೇ ಅಂವನ ಬಾಯಿಂದ. ಮಣ್ಣಿಗಿ ಹೋಗಲಿಲ್ಲ ನಾ. ಅಪ್ಪನ ಮುಖ ನೋಡಲಿಲ್ಲ." ಅವಳು ಚಾಕುವನ್ನು ಎದೆಗೆ ಒತ್ತಿಕೊಂಡಳು. "ಚಾಕು ನನ್ನ ಕೈಯಾಗ ಅದ. ಕಾಣೆ ಆದಾಕಿ ನಾನೇ. ನಾನೇ ಕೊಂದೀನಿ ಅಂದ್ರ ಯಾರು ಬಿಡಿಸ್ತಾರರಿ?"

"ನಿನ್ನಿ ಯಾರೋ ಬಾಗಿಲ ಬಡದ್ರು," ಡಾಕ್ಟರು ಸೇರಿಸಿದರು. "ಭಾಳ ಹೊತ್ತು. ನಾವಿಬ್ಬರೂ ಇಲ್ಲೇ ಉಸಿರು ಹಿಡಕೊಂಡು ಕೂತಿದ್ವಿ. ಅದಕ್ಕೇ ಇವತ್ತ ಚಿಲಕ."

ಕರುಣಾ ಸಪ್ನಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಾಕು ತೆಗೆದುಕೊಂಡಳು. ಅದರ ಅಲಗು ಅವಳ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಇರಲಿಲ್ಲ, ತುದಿ ಮೊಂಡು. ಹಾವಗೆಪ್ಪನ ಗಾಯ ನಾಲ್ಕು ಬೆರಳು ಆಳ. ಇದು ಯಾರನ್ನೂ ಕೊಂದಿರಲಿಲ್ಲ. ಜೊಂಡಿನ ಕಡ್ಡಿಯ ಹೊರತು ಬೇರೇನನ್ನೂ ಕಡಿದಿರಲಿಲ್ಲ.

ಆದರೆ ಅವಳಿಗೆ ಬೇಕಾದದ್ದು ಸಾಕ್ಷಿ. ಮೆಟ್ಟಿಲ ಮೇಲೆ ಕಂಡ ಎಂದರೆ ಸಾಲದು. ವೈಜಿನಾಥ ಗಂಜಿಗೆ ನೂರು ಸಲ ಬಂದವನು. ಅವಳು ಮೊಬೈಲ್ ತೆಗೆದು, ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸುವ ಮುನ್ನ ತೆಗೆದ ಫೋಟೋವನ್ನು ಡಾಕ್ಟರಿಗೆ ತೋರಿಸಿದಳು. ಮಖಮಲ್ಲಿನ ಪಟ್ಟಿ, ಸಾಲು ಚಾಕು, ಕೊನೆಯ ಗೂಡಿನಲ್ಲಿ ಮೂರು ಹಲ್ಲಿನ ಚಾಕು.

ಡಾಕ್ಟರು ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ಮತ್ತೆ ಹಿಗ್ಗಿಸಿದರು.

"ಕೀಲಿನ ಸುತ್ತ ನೋಡ್ರಿ," ಅಂದರು. "ಕೆಂಪಗ ಕಾಣ್ತದಲ್ಲ?"

"ರಕ್ತ?"

"ತುಕ್ಕು. ಇದು ಹಳೀ ಉಕ್ಕು, ಈಗಿನ ಸ್ಟೀಲ್ ಅಲ್ಲ. ನೀರು ತಾಕಿದ್ರ ಒಂದೇ ದಿನದಾಗ ಹಿಂಗ ಹೂವು ಬಿಡ್ತದ. ನಮ್ಮಂಥೋರು ಇದಕ್ಕ ಎಣ್ಣಿ ಅರಿವಿ ಬಿಟ್ಟು ಬ್ಯಾರೇ ಹಚ್ಚಂಗಿಲ್ಲ. ಕೈ ಬೆವತಿದ್ರ ಮುಟ್ಟಂಗೂ ಇಲ್ಲ. ಯಾರೋ ಇದನ್ನ ಪಾತ್ರಿ ತೊಳದಂಗ ನೀರಾಗ ತೊಳದು, ಮಡಚಿ ಇಟ್ಟಾರ. ಚಾಕು ಮಾರೋನು ತೊಳೀತಾನ ಹಿಂಗ. ಚಾಕು ಕೂಡಿಸೋನು ತೊಳ್ಯಂಗಿಲ್ಲ."

ಹಾವಗೆಪ್ಪನ ಮಾಳಿಗೆಯ ಮೂಲೆಯಲ್ಲಿ ಒಂದು ನಳ ಇತ್ತು. ಅದರ ಕೆಳಗೊಂದು ಬಕೀಟು. ಬಕೀಟಿನ ನೀರನ್ನು ಯಾರೂ ಪರೀಕ್ಷೆಗೆ ತೆಗೆದಿರಲಿಲ್ಲ. ನಳದ ತಿರುವಿನ ಮೇಲೆ ಬೆರಳಚ್ಚನ್ನೂ ನೋಡಿರಲಿಲ್ಲ. ಇನ್ನೂ ತಡವಾಗಿಲ್ಲ, ಆ ಕೋಣೆಗೆ ಸೀಲು ಹಾಕಿದ್ದರು. ಕರುಣಾ ಎದ್ದಳು. ಮೊದಲು ಔರಾದ ಠಾಣೆಗೆ ಫೋನ್, ಗೋದಾಮಿನಿಂದಲೇ ಅವನನ್ನು ಎತ್ತಬೇಕು. ಆಮೇಲೆ ಖಾಜಾ ಮಿಯಾ. ಆಮೇಲೆ ಈ ಹುಡುಗಿಯನ್ನು ಸುರಕ್ಷಿತವಾಗಿ ಬೀದರಿಗೆ ಒಯ್ಯಬೇಕು.

ನಂಬರು ಒತ್ತುವ ಮೊದಲೇ ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅವ್ವ.

ಅವಳ ತಾಯಿ ಕೌಸಲ್ಯಾಬಾಯಿ ಔರಾದ ತಾಲೂಕಿನ ಸಂತಪುರದಲ್ಲಿ ಬಸ್ ನಿಲ್ದಾಣದ ಎದುರಿಗೆ ಬಳೆ ಅಂಗಡಿ ಇಟ್ಟವಳು. ವ್ಯಾಪಾರದ ಹೊತ್ತಿನಲ್ಲಿ ಮಗಳಿಗೆ ಫೋನ್ ಮಾಡುವ ರೂಢಿಯೇ ಅವಳಿಗಿರಲಿಲ್ಲ.

"ಕರುಣಾ, ಊಟ ಮಾಡಿದಿ?"

"ಅವ್ವ, ಆಮ್ಯಾಲ ಮಾಡ್ತೇನಿ, ಕೆಲಸದಾಗ..."

"ಇಲ್ಲ, ಇವರು ಫೋನ್ ಮಾಡು ಅಂದ್ರು ಅಂತ ಮಾಡಿದ್ನಿ. ನಿನ್ನ ಗುರ್ತಿನವರಂತ ಬಂದಾರ. ಭಾಳ ಛಲೋ ಮನಷ್ಯಾ. ಅಂಗಡ್ಯಾಗ ಕೂತು ಪ್ಯಾರಲಕಾಯಿ ಹೆಚ್ಚಿಕೊಡ್ಲಿಕತ್ಯಾರ ನನಗ. ಔರಾದದವರು. ವೈಜಿನಾಥ ಅಂತ."

ಅಡುಗೆಮನೆಯ ಗೋಡೆಗಳು ಕರುಣಾಳ ಸುತ್ತ ಸರಿದು ಬಂದಂತಾಯಿತು.

"ಅವ್ವ, ಕೇಳು. ಅಂಗಡಿ ಬಿಟ್ಟು ಹೊರಗ ಬಾ. ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಇರ್ತಾರ, ಅವರ ನಡುವ ಹೋಗಿ ನಿಂದರು. ಈಗಿಂದೀಗ."

"ಗಿರಾಕಿ ಬರೋ ಹೊತ್ನ್ಯಾಗ ಅಂಗಡಿ ಬಿಟ್ಟು ಹ್ಯಾಂಗ ಬರ್ಲಿ? ನೀ ಭಾಲ್ಕಿಗಿ ಹೋಗೀದಿ ಅಂತ ಹೇಳಿದ್ನಿ ಇವರಿಗಿ. ಏನೋ ಮಾತಾಡೂದದಂತ, ತಡಿ, ಕೊಡ್ತೇನಿ."

"ಅವ್ವ, ಕೊಡಬ್ಯಾಡ..."

ಫೋನು ಕೈ ಬದಲಾಯಿಸಿದ ಸದ್ದು. ಹಿಂದೆ ಯಾವುದೋ ಬಸ್ಸಿನ ಹಾರ್ನು.

"ನಮಸ್ಕಾರ್ರಿ ಮೇಡಂ," ಅಂತು ಮೃದುವಾದ ದನಿ. ಅಳುವಾಗಲೂ ಅವನ ದನಿ ಹೀಗೇ ಮೃದುವಾಗಿತ್ತು. "ನಿಮ್ಮ ತಾಯಾರು ಅಗದೀ ದೇವರಂಥೋರು. ಚಹಾ ಕುಡಿಸಿದ್ರು. ನನಗ ನಗಲಿಲ್ಲ."

"ಅವರಿಗಿ ಏನಾದ್ರೂ ಆದ್ರ..."

"ಏನೂ ಆಗಂಗಿಲ್ಲರಿ. ಆ ಮುದಿಯನ ಮನ್ಯಾಗ ಎರಡು ಚಾಕು ಅವ. ನನ್ನವು. ಅವನ್ನ ಒಂದು ಕರವಸ್ತ್ರದಾಗ ಕಟ್ಟಿ ತರ್ರಿ. ಪೊಲೀಸ್ ಜೀಪು ಬ್ಯಾಡ, ಬಸ್ಸಿಗಿ ಬರ್ರಿ." ಚಾಕು ಹಣ್ಣಿನೊಳಗೆ ಇಳಿದ ಕರಕ್ ಎಂಬ ಸದ್ದು ಕೇಳಿಸಿತು. "ಮತ್ತ ಆ ಹುಡುಗೀನ್ನೂ ಕರಕೊಂಡು ಬರ್ರಿ. ಮೆಟ್ಟಿಲ ಮ್ಯಾಲ ನನ್ನ ನೋಡ್ಯಾಳ ಆಕಿ. ಆಕಿ ಬಂದ್ರ ನಿಮ್ಮ ತಾಯಾರು ಸಂಜಿಗಿ ಅಂಗಡಿ ಮುಚ್ಚಿ ಮನಿಗಿ ಹೋಗ್ತಾರ."

"ವೈಜಿನಾಥ, ಕೇಳು..."

ದೂರದಲ್ಲಿ ಅವ್ವ ಏನೋ ಕೇಳಿದಳು, ಏನಂತ ತಿಳಿಯಲಿಲ್ಲ. ನಂತರ ಗಾಜಿನ ಬಳೆಗಳ ಒಂದು ಇಡೀ ಸಾಲು ನೆಲಕ್ಕೆ ಬಿದ್ದು ಒಡೆದ ಸಪ್ಪಳ, ಉದ್ದಕ್ಕೆ, ಮುಗಿಯದಂತೆ. "ಅಯ್ಯ, ಬಳಿ!" ಅಂತ ಅವ್ವ ಕೂಗಿದಳು. ಮುಂದಿನ ಮಾತು ನಡುವೆಯೇ ನಿಂತಿತು.

ಫೋನು ಕಟ್ಟಾಗಿರಲಿಲ್ಲ. ಯಾರೋ ಉಸಿರಾಡುತ್ತಿರುವುದು ಕೇಳುತ್ತಿತ್ತು. ಯಾರೆಂದು ಕರುಣಾಳಿಗೆ ತಿಳಿಯಲಿಲ್ಲ.

ಡಾಕ್ಟರು ಗೋಡೆ ಹಿಡಿದು ನಿಂತಿದ್ದರು. ಸಪ್ನಾ ಮೂಲೆಯಿಂದ ಎದ್ದು ಬಂದಿದ್ದಳು. ಫೋನಿನ ದನಿ ಆ ನಿಶ್ಶಬ್ದದಲ್ಲಿ ಅವಳಿಗೂ ಪೂರಾ ಕೇಳಿಸಿತ್ತು. ಮುಖ ಬಿಳಿಚಿಕೊಂಡಿತ್ತು, ಕಣ್ಣಲ್ಲಿ ಮಾತ್ರ ನೀರಿರಲಿಲ್ಲ.

"ನಾ ಬರ್ತೇನಿ, ಅಕ್ಕಾ," ಅಂದಳು.

ಕರುಣಾ ಬೇಡ ಅನ್ನಬೇಕಿತ್ತು. ಬಾಯಿ ತೆರೆದಳು. ಬೇಡ ಅನ್ನುವ ಮಾತು ಮಾತ್ರ ಬರಲಿಲ್ಲ.